ಮೊಮ್ಮಗನ ಬಟ್ಟಲು, ದೊಡ್ಡವರ ಅಳತೆ

ತಿಂಗಳಲ್ಲಿ ಒಂದು ವಾರವಾದರೂ ನಾನು ಧಾರವಾಡದ ಮಾಳಮಡ್ಡಿಯಿಂದ ಹೊರಟು, ಚಿಗರಿ ಬಸ್ಸು ಹಿಡಿದು, ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ಮಗನ ಮನೆಗೆ ಹೋಗಿ ಇರುತ್ತೇನೆ. ಮಗ ಏಳು ಗಂಟೆಗೇ ಕೆಲಸಕ್ಕೆ ಹೊರಡುತ್ತಾನೆ. ಸೊಸೆಗೆ ಬ್ಯಾಂಕಿನ ನೌಕರಿ. ಆರು ವರ್ಷದ ಮೊಮ್ಮಗನ ಶಾಲೆಯ ವ್ಯಾನು ಎಂಟಕ್ಕೆ ಹತ್ತು ನಿಮಿಷ ಇರುವಾಗಲೇ ಓಣಿಯ ತುದಿಗೆ ಬಂದು ಹಾರ್ನ್ ಹೊಡೆಯುತ್ತದೆ. ಈ ಅವಸರದಲ್ಲಿ ಹುಡುಗನಿಗೆ ಉಪಾಹಾರ ಮಾಡಿಸುವ ಹೊಣೆ ನನ್ನ ಪಾಲಿಗೆ ಬಂದಿದೆ. ಹೊಣೆಯೆಂದರೆ ಇಷ್ಟೇ: ಡಬ್ಬಿಯಿಂದ ಚಾಕೊಲೇಟು ಬಣ್ಣದ ಗರಿಗರಿ ಸುರುಳಿಗಳನ್ನು ಬಟ್ಟಲಿಗೆ ಸುರಿಯುವುದು, ಮೇಲೆ ಹಾಲು ಹಾಕಿ ಅವನ ಮುಂದಿಡುವುದು. ಉಪ್ಪಿಟ್ಟಿನ ತಟ್ಟೆಯ ಮುಂದೆ ಅರ್ಧ ಗಂಟೆ ಕೂತರೂ ಎರಡು ತುತ್ತು ತಿನ್ನದ ಹುಡುಗ ಇದನ್ನು ಐದು ನಿಮಿಷದಲ್ಲಿ ಮುಗಿಸುತ್ತಾನೆ. ಡಬ್ಬಿಯ ಮೇಲೆ ಗೋಧಿಯ ತೆನೆಯ ಚಿತ್ರವಿದೆ, ಕಬ್ಬಿಣ, ಕ್ಯಾಲ್ಸಿಯಂ ಮತ್ತು ಅರ್ಧ ಡಜನ್ ಜೀವಸತ್ವಗಳ ಹೆಸರುಗಳಿವೆ, ನಗುವ ಪ್ರಾಣಿಯೊಂದಿದೆ. ಎಂಟು ಹತ್ತು ತಿಂಗಳು ನಾನು ಈ ಕೆಲಸವನ್ನು ನಿಶ್ಚಿಂತೆಯಿಂದ, ತುಸು ಹೆಮ್ಮೆಯಿಂದಲೇ ಮಾಡಿದೆ.

ಆ ನಿಶ್ಚಿಂತೆ ಮೊದಲು ಅಲುಗಾಡಿದ್ದು ದಂತವೈದ್ಯರ ಕುರ್ಚಿಯ ಪಕ್ಕದಲ್ಲಿ. ಹುಡುಗನ ಎರಡು ದವಡೆ ಹಲ್ಲುಗಳು ಹುಳುಕಾಗಿದ್ದವು. ಬೆಳಿಗ್ಗೆ ಏನು ತಿನ್ನುತ್ತಾನೆ ಎಂದು ವೈದ್ಯರು ಕೇಳಿದಾಗ, “ಸಿಹಿ ಏನೂ ಕೊಡೂದಿಲ್ಲರೀ, ಹಾಲು ಮತ್ತ ಗೋಧೀ ಸಿರಿಯಲ್ ಅಷ್ಟ” ಎಂದು ನಾನೇ ಮುಂದಾಗಿ ಉತ್ತರಿಸಿದೆ. ಅವರು ಏನನ್ನೂ ಹೇಳಲಿಲ್ಲ. ಸುಮ್ಮನೆ ನನ್ನ ಮುಖ ನೋಡಿ, ಡಬ್ಬಿಯ ಹಿಂಬದಿ ಒಮ್ಮೆ ಓದಿರಿ ಎಂದರು. ಮನೆಗೆ ಬಂದ ಮೇಲೆ ಅದು ಮರೆತೇಹೋಯಿತು. ಮರುವಾರ ಒಂದು ಬೆಳಿಗ್ಗೆ ಸೊಸೆ ನನ್ನ ಮುಂದೆ ಕಪ್ಪು ಇಡುತ್ತ “ಮಾಮಾ, ಇದು ನಿಮ್ಮದ್ರೀ, ಸಕ್ರಿ ಹಾಕಿಲ್ಲ” ಎಂದಳು. ಹುಡುಗ ಬಟ್ಟಲಿನಿಂದ ತಲೆಯೆತ್ತಿ ಕೇಳಿದ: “ಅಜ್ಜಾ, ನಿನಗ ಯಾಕ ಸಕ್ರಿ ಹಾಕೂದಿಲ್ಲ?” ನನಗೆ ಸಕ್ಕರೆ ಕಾಯಿಲೆ ಇದೆಯೆಂದು ಹೇಳಿದೆ. “ಮತ್ತ ನಂದರಾಗ ಎಷ್ಟದ?” ಎಂದ.

ಹನ್ನೊಂದು ವರ್ಷಗಳಿಂದ ಬರಿಹೊಟ್ಟೆಯ ಸಕ್ಕರೆ ಎಷ್ಟು, ಊಟದ ನಂತರದ್ದು ಎಷ್ಟು ಎಂದು ಡೈರಿಯಲ್ಲಿ ಬರೆದಿಡುತ್ತ ಬಂದವನು ನಾನು. ಜೀವಮಾನವಿಡೀ ಕಾಲೇಜಿನಲ್ಲಿ ಗಣಿತ ಕಲಿಸಿದವನು. ಮೊಮ್ಮಗನ ಬಟ್ಟಲಿನ ಲೆಕ್ಕ ಮಾತ್ರ ನನಗೆ ಗೊತ್ತಿರಲಿಲ್ಲ.

ಆ ದಿನ ವ್ಯಾನು ಹೋದ ಮೇಲೆ ಭೂತಗನ್ನಡಿ ಹಿಡಿದು ಕುಳಿತೆ. ಡಬ್ಬಿಯ ಮುಖಭಾಗದಲ್ಲಿ ಹೆಬ್ಬೆರಳಿನಷ್ಟು ದಪ್ಪವಿದ್ದ ಅಕ್ಷರಗಳು ಹಿಂಬದಿಗೆ ಬಂದಾಗ ಎಳ್ಳಿನ ಗಾತ್ರಕ್ಕೆ ಇಳಿದಿದ್ದವು. ಪ್ರತಿ 100 ಗ್ರಾಂನಲ್ಲಿ ಸೇರಿಸಿದ ಸಕ್ಕರೆ 29 ಗ್ರಾಂ. ಅದರ ಪಕ್ಕದ ಸಾಲಿನಲ್ಲಿ ‘ಒಂದು ಬಾರಿಯ ಬಡಿಕೆ 30 ಗ್ರಾಂ’ ಎಂದೂ, ಅದರಲ್ಲಿರುವ ಸಕ್ಕರೆ ದಿನದ ಮಿತಿಯ ಶೇ 17ರಷ್ಟು ಮಾತ್ರ ಎಂದೂ ಇತ್ತು. ಶೇ 17 ಎಂದರೆ ಗಾಬರಿಪಡುವಂಥದ್ದೇನಲ್ಲ ಎನಿಸಿತು. ಆದರೂ ಒಮ್ಮೆ ನೋಡಿಬಿಡೋಣವೆಂದು, ಸೊಸೆ ಕೇಕ್ ಮಾಡಲು ತಂದಿಟ್ಟುಕೊಂಡ ಪುಟ್ಟ ತಕ್ಕಡಿಯ ಮೇಲೆ ಬಟ್ಟಲಿಟ್ಟು, ದಿನಾ ಸುರಿಯುವಷ್ಟೇ ಸುರಿದೆ. ತಕ್ಕಡಿ 55 ಗ್ರಾಂ ತೋರಿಸಿತು. ಮೂವತ್ತು ಗ್ರಾಂ ಎಷ್ಟಾಗುತ್ತದೆ ಎಂದು ಬೇರೆ ಬಟ್ಟಲಿನಲ್ಲಿ ಹಾಕಿ ನೋಡಿದರೆ ಬಟ್ಟಲಿನ ತಳ ಮುಚ್ಚಿ ತುಸು ಮೇಲೆ ಬಂದಿತ್ತು, ಅಷ್ಟೇ. ಅಷ್ಟನ್ನು ಕೊಟ್ಟರೆ ನಮ್ಮ ಹುಡುಗ ಮಾತ್ರವಲ್ಲ, ಯಾರ ಮನೆಯ ಹುಡುಗನೂ ಮತ್ತೆ ಬೇಡದೆ ಬಿಡುವುದಿಲ್ಲ.

ಇನ್ನು ಆ ಶೇ 17. ಇದು ಯಾರ ದಿನದ ಮಿತಿ? ನಮ್ಮ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲ್ ನಿಯಮಗಳು ಈ ಶೇಕಡಾವಾರನ್ನು ದಿನಕ್ಕೆ 2,000 ಕಿಲೋ ಕ್ಯಾಲೊರಿ ಮತ್ತು 50 ಗ್ರಾಂ ಸೇರಿಸಿದ ಸಕ್ಕರೆ ಎಂಬ ಆಧಾರದ ಮೇಲೆ ಲೆಕ್ಕ ಹಾಕಲು ಹೇಳುತ್ತವೆ. ಎರಡು ಸಾವಿರ ಕಿಲೋ ಕ್ಯಾಲೊರಿ ವಯಸ್ಕರ ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು ಸುಮಾರು 1,360 ಕಿಲೋ ಕ್ಯಾಲೊರಿ. ಸೇರಿಸಿದ ಸಕ್ಕರೆ ಒಟ್ಟು ಶಕ್ತಿಯ ಶೇ 10ಕ್ಕಿಂತ ಕಡಿಮೆ ಇರಬೇಕು, ಶೇ 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಮಾರ್ಗಸೂಚಿ. ಗ್ರಾಂ ಸಕ್ಕರೆಗೆ ನಾಲ್ಕು ಕಿಲೋ ಕ್ಯಾಲೊರಿ. ಹಾಗಾದರೆ ನನ್ನ ಮೊಮ್ಮಗನಿಗೆ ದಿನದ ಗರಿಷ್ಠ ಮಿತಿ 34 ಗ್ರಾಂ. ಒಳ್ಳೆಯದೆನ್ನುವ ಮಿತಿ 17 ಗ್ರಾಂ. ಅವನ 55 ಗ್ರಾಂ ಬಟ್ಟಲಿನಲ್ಲಿದ್ದದ್ದು 16 ಗ್ರಾಂ ಸಕ್ಕರೆ. ಅದರ ಜೊತೆಗೆ ಕುಡಿಯುವ ಹಾಲಿಗೆ ಎರಡು ಚಮಚ ಪುಡಿ ಬೆರೆಸುತ್ತಿದ್ದೆವು. ಎತ್ತರ ಬೆಳೆಯುತ್ತಾನೆ ಎಂಬ ಆಸೆಯಿಂದ. ಆ ಪುಡಿಯ ಮೂರರಲ್ಲೊಂದು ಭಾಗ ಸಕ್ಕರೆ. ಅಲ್ಲಿಂದ ಇನ್ನೊಂದು ಆರು ಗ್ರಾಂ. ಒಟ್ಟು 22. ಹಾಲಿನಲ್ಲಿ ಸಹಜವಾಗಿರುವ ಸಕ್ಕರೆಯನ್ನು ನಾನು ಈ ಲೆಕ್ಕಕ್ಕೆ ಹಿಡಿದಿಲ್ಲ, ಹಿಡಿಯಬೇಕಾಗಿಯೂ ಇಲ್ಲ. ವ್ಯಾನಿನ ಹಾರ್ನ್ ಕೇಳಿಸುವ ಮೊದಲೇ ಹುಡುಗ ದಿನದ ಗರಿಷ್ಠ ಮಿತಿಯ ಮೂರರಲ್ಲಿ ಎರಡು ಭಾಗ ಮುಗಿಸಿರುತ್ತಿದ್ದ. ಡಬ್ಬಿ ನನಗೆ ಹೇಳಿದ್ದು ಶೇ 17.

ಡಬ್ಬಿ ಸುಳ್ಳು ಹೇಳಿಲ್ಲ ಎಂಬುದನ್ನು ಗಮನಿಸಬೇಕು. ಅದರಲ್ಲಿ ಬರೆದ ಪ್ರತಿ ಅಂಕಿಯೂ ನಿಯಮಬದ್ಧವಾದದ್ದೇ. ಮಗುವಿನ ಬಟ್ಟಲನ್ನು ದೊಡ್ಡವರ ಅಳತೆಯಿಂದ ಅಳೆಯಲು ನಿಯಮವೇ ಅವಕಾಶ ಕೊಟ್ಟಿದೆ. ನನ್ನ ತಕರಾರು ಇರುವುದು ಅಲ್ಲಿ.

ಈ ತಿನಿಸು ಹುಟ್ಟಿದ್ದು ಸಕ್ಕರೆಗೆ ವಿರೋಧವಾಗಿ ಎಂಬುದು ವಿಚಿತ್ರವಾದರೂ ನಿಜ. ಅಮೆರಿಕದ ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್ ಎಂಬ ಊರಿನಲ್ಲಿ ಡಾ. ಜಾನ್ ಹಾರ್ವೆ ಕೆಲಾಗ್ ಎಂಬ ವೈದ್ಯರು ನಡೆಸುತ್ತಿದ್ದ ಆರೋಗ್ಯಧಾಮದಲ್ಲಿ 1890ರ ದಶಕದಲ್ಲಿ ಧಾನ್ಯದ ಚಕ್ಕೆಗಳು ತಯಾರಾದವು. ರೋಗಿಗಳಿಗೆ ಹಗುರವಾದ ಸಪ್ಪೆ ಆಹಾರ ಕೊಡಬೇಕೆಂಬುದು ಅವರ ಉದ್ದೇಶ. ಅವರ ತಮ್ಮ ವಿಲ್ ಕೀತ್ ಕೆಲಾಗ್ ವ್ಯಾಪಾರದ ಬುದ್ಧಿಯವರು. ರುಚಿಗೆ ಸಕ್ಕರೆ ಸೇರಿಸಬೇಕೆಂದರು. ಅಣ್ಣತಮ್ಮಂದಿರ ನಡುವೆ ಮನಸ್ತಾಪ ಬೆಳೆದದ್ದರಲ್ಲಿ ಈ ಸಕ್ಕರೆಯ ಪಾಲೂ ಇತ್ತು. ತಮ್ಮ 1906ರಲ್ಲಿ ಸ್ವಂತ ಕಂಪನಿ ಕಟ್ಟಿದರು. ಎರಡನೆಯ ಮಹಾಯುದ್ಧದ ನಂತರ ಮಕ್ಕಳೇ ಮುಖ್ಯ ಗಿರಾಕಿಗಳಾದಾಗ ಸಕ್ಕರೆ ಮುಚ್ಚುಮರೆಯಿಲ್ಲದೆ ಡಬ್ಬಿಯ ಮೇಲೆ ಬಂತು. 1953ರಲ್ಲಿ ಬಂದ ‘ಶುಗರ್ ಸ್ಮ್ಯಾಕ್ಸ್’ ಎಂಬ ತಿನಿಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ ಇತ್ತು. 1980ರ ದಶಕದಲ್ಲಿ ಜನ ಎಚ್ಚರಗೊಂಡಾಗ ಅದರ ಹೆಸರಿನಲ್ಲಿದ್ದ ಸಕ್ಕರೆ ಹೋಗಿ ಜೇನು ಬಂತು. ಸಕ್ಕರೆ ಹೋದದ್ದು ಹೆಸರಿನಿಂದ.

ಭಾರತಕ್ಕೆ ಈ ಕಂಪನಿ ಕಾಲಿಟ್ಟದ್ದು 1994ರಲ್ಲಿ. ತಣ್ಣನೆಯ ಹಾಲಿನಲ್ಲಿ ಗರಿಗರಿಯಾಗಿ ಉಳಿಯಲೆಂದು ರೂಪಿಸಿದ ಚಕ್ಕೆಗಳು ನಮ್ಮ ಮನೆಗಳ ಬಿಸಿ ಹಾಲಿನಲ್ಲಿ ಬಿದ್ದು ಮುದ್ದೆಯಾದವು. ಉಪ್ಪು ಖಾರದ ಉಪಾಹಾರಕ್ಕೆ ಒಗ್ಗಿದ ನಾಲಗೆಗಳಿಗೆ ಅವು ಹಿಡಿಸಲಿಲ್ಲ. ಮೊದಲ ವರ್ಷಗಳ ಈ ಸೋಲು ವ್ಯಾಪಾರ ನಿರ್ವಹಣೆಯ ತರಗತಿಗಳಲ್ಲಿ ಇಂದಿಗೂ ಪಾಠವಾಗುತ್ತದೆ. ಆ ದಶಕ ಮುಗಿಯುವುದರೊಳಗೆ ಚಾಕೊಲೇಟಿನ ಸುರುಳಿಗಳೂ ಸಕ್ಕರೆ ಲೇಪಿಸಿದ ಚಕ್ಕೆಗಳೂ ಬಂದವು. ದೊಡ್ಡವರನ್ನು ಒಲಿಸಲಾಗದ ತಿನಿಸು ಮಕ್ಕಳನ್ನು ಒಲಿಸಿತು. ಆಗಿನ್ನೂ ನಮ್ಮ ಕಡೆ ‘ಸೀರಿಯಲ್’ ಎಂದರೆ ಸಂಜೆ ಟಿ.ವಿ.ಯಲ್ಲಿ ಬರುವುದು ಎಂದಷ್ಟೇ ಅರ್ಥವಿತ್ತು. ಈಗ ದುರ್ಗದ ಬೈಲಿನ ಕಿರಾಣಿ ಅಂಗಡಿಯಲ್ಲಿಯೂ, ಶಾಲೆಯ ಹತ್ತಿರದ ಗೂಡಂಗಡಿಯಲ್ಲಿಯೂ ಹತ್ತು ರೂಪಾಯಿಯ ಪುಟ್ಟ ಪೊಟ್ಟಣಗಳು ಮಾಲೆಯಂತೆ ತೂಗುತ್ತಿವೆ. ಇದನ್ನು ವಿದ್ಯಾನಗರದ ಅನುಕೂಲಸ್ಥರ ಸಮಸ್ಯೆ ಎಂದು ತಳ್ಳಿಹಾಕುವ ಕಾಲ ಮುಗಿದಿದೆ.

ಕಂಪನಿಗಳ ಪರವಾಗಿಯೂ ಒಂದು ಮಾತಿದೆ, ಅದನ್ನು ಕೇಳಿಸಿಕೊಳ್ಳಬೇಕು. ಈ ಧಾನ್ಯಗಳಿಗೆ ಕಬ್ಬಿಣ ಮತ್ತು ಜೀವಸತ್ವಗಳನ್ನು ಸೇರಿಸಿರುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆರು ತಿಂಗಳಿಂದ ಐದು ವರ್ಷದೊಳಗಿನ ಭಾರತದ ಮಕ್ಕಳಲ್ಲಿ ಶೇ 67 ಮಂದಿಗೆ ರಕ್ತಹೀನತೆ ಇದೆ. ಅಂಥ ದೇಶದಲ್ಲಿ ಕಬ್ಬಿಣ ಸೇರಿಸಿದ ಆಹಾರವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಕಬ್ಬಿಣದ ಜೊತೆಗೆ ಸಕ್ಕರೆಯನ್ನೂ ನುಂಗಲೇಬೇಕೆಂಬ ನಿಯಮ ರಸಾಯನಶಾಸ್ತ್ರದಲ್ಲಿ ಎಲ್ಲಿಯೂ ಇಲ್ಲ. ಸಕ್ಕರೆ ಇಳಿಸಿದರೆ ಮಕ್ಕಳು ಮುಟ್ಟುವುದಿಲ್ಲ ಎಂಬ ವಾದವೂ ಪೂರ್ತಿ ನಿಲ್ಲುವುದಿಲ್ಲ. ಬ್ರಿಟನ್ನಿನಲ್ಲಿ ಸರ್ಕಾರದ ಒತ್ತಡ ಹೆಚ್ಚಾದಾಗ ಇದೇ ಕೆಲಾಗ್ ಕಂಪನಿ ತನ್ನ ‘ಕೋಕೋ ಪಾಪ್ಸ್’ನ ಸಕ್ಕರೆಯನ್ನು 100 ಗ್ರಾಂಗೆ 30 ಗ್ರಾಂನಿಂದ 17 ಗ್ರಾಂಗೆ ಇಳಿಸುವುದಾಗಿ 2017ರಲ್ಲಿ ಘೋಷಿಸಿತು, ಮರುವರ್ಷ ಇಳಿಸಿತು. ಅದೇ ದೇಶದಲ್ಲಿ ಸಕ್ಕರೆ ಹೆಚ್ಚಿರುವ ತಿನಿಸುಗಳನ್ನು ಅಂಗಡಿಯ ಎದ್ದುಕಾಣುವ ಜಾಗಗಳಲ್ಲಿ ಇಡಬಾರದೆಂಬ ನಿಯಮ ಬಂದಾಗ, ಧಾನ್ಯವನ್ನು ಯಾರೂ ಒಣದಾಗಿ ತಿನ್ನುವುದಿಲ್ಲ, ಆದ್ದರಿಂದ ಹಾಲಿನ ತೂಕವನ್ನೂ ಸೇರಿಸಿ ಸಕ್ಕರೆಯ ಪ್ರಮಾಣ ಲೆಕ್ಕ ಹಾಕಬೇಕು ಎಂದು ಕಂಪನಿ ನ್ಯಾಯಾಲಯಕ್ಕೆ ಹೋಯಿತು. ಹಾಲು ಹಾಕಿದರೆ ಶೇಕಡಾವಾರು ಇಳಿಯುತ್ತದೆ, ನಿಜ. ಹಾಲು ಹಾಕಿದ್ದರಿಂದ ಡಬ್ಬಿಯೊಳಗಿನ ಸಕ್ಕರೆ ಒಂದು ಹರಳೂ ಕಡಿಮೆಯಾಗುವುದಿಲ್ಲ. 2022ರ ಜುಲೈನಲ್ಲಿ ನ್ಯಾಯಾಲಯ ಆ ಅರ್ಜಿಯನ್ನು ತಿರಸ್ಕರಿಸಿತು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಇಂಥ ಉತ್ತರ ಬರೆದಿದ್ದರೆ ನಾನೂ ಅಂಕ ಕೊಡುತ್ತಿರಲಿಲ್ಲ.

ನಮ್ಮ ದೇಶದಲ್ಲಿಯೂ ಒತ್ತಡ ಕೆಲಸ ಮಾಡಿದ ಉದಾಹರಣೆಗಳಿವೆ. 2023ರ ಏಪ್ರಿಲ್‌ನಲ್ಲಿ ಯುವಕನೊಬ್ಬ ಬೋರ್ನ್‌ವಿಟಾದಲ್ಲಿರುವ ಸಕ್ಕರೆಯನ್ನು ಕುರಿತು ಮಾಡಿದ ಕಿರುಚಿತ್ರ ದೇಶವೆಲ್ಲ ಸುತ್ತಿತು. ಕಂಪನಿ ವಕೀಲರ ನೋಟಿಸು ಕಳಿಸಿ ಅದನ್ನು ತೆಗೆಸಿತು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಕಂಪನಿಗೇ ನೋಟಿಸು ಕಳಿಸಿತು. ಆ ವರ್ಷ ಮುಗಿಯುವುದರೊಳಗೆ 100 ಗ್ರಾಂ ಪುಡಿಯಲ್ಲಿದ್ದ ಸೇರಿಸಿದ ಸಕ್ಕರೆ ಸುಮಾರು 37 ಗ್ರಾಂನಿಂದ 32 ಗ್ರಾಂ ಆಸುಪಾಸಿಗೆ ಇಳಿಯಿತು. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ, ಇಂಥ ಪಾನೀಯಗಳನ್ನು ‘ಆರೋಗ್ಯ ಪೇಯ’ದ ಪಟ್ಟಿಯಿಂದ ತೆಗೆಯಬೇಕೆಂದು ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿತು. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ‘ಆರೋಗ್ಯ ಪೇಯ’ ಎಂಬುದಕ್ಕೆ ವ್ಯಾಖ್ಯೆಯೇ ಇಲ್ಲ ಎಂಬುದು ಆಗ ಹೊರಬಿತ್ತು. ಇಲ್ಲದ ಹೆಸರಿಗೆ ಮರುಳಾಗಿ ಎರಡು ತಲೆಮಾರು ಹಾಲು ಕುಡಿದೆವು ಎಂದಂತಾಯಿತು. ಅದೇ ತಿಂಗಳಲ್ಲಿ ‘ಪಬ್ಲಿಕ್ ಐ’ ಎಂಬ ಸ್ವಿಸ್ ಸಂಸ್ಥೆಯ ವರದಿ ಬಂತು. ಯುರೋಪಿನಲ್ಲಿ ಸಕ್ಕರೆ ಸೇರಿಸದೆ ಮಾರುವ ಶಿಶು ಆಹಾರವನ್ನು ನೆಸ್ಲೆ ಭಾರತದಲ್ಲಿ ಒಂದು ಬಡಿಕೆಗೆ ಸರಾಸರಿ 2.7 ಗ್ರಾಂ ಸಕ್ಕರೆ ಸೇರಿಸಿ ಮಾರುತ್ತದೆ ಎಂಬುದು ಅದರ ತಿರುಳು. ಐದು ವರ್ಷಗಳಲ್ಲಿ ಸಕ್ಕರೆಯನ್ನು ಶೇ 30ರಷ್ಟು ಇಳಿಸಿದ್ದೇವೆ ಎಂದು ಕಂಪನಿ ಉತ್ತರಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸಂಸ್ಕರಿಸಿದ ಸಕ್ಕರೆಯಿಲ್ಲದ ಸೆರೆಲ್ಯಾಕ್ ಮಾದರಿಗಳನ್ನು ತರುವುದಾಗಿ ಪ್ರಕಟಿಸಿತು.

ಇಷ್ಟೆಲ್ಲ ಗದ್ದಲ ಎದ್ದದ್ದು ಪುಡಿಯ ಸುತ್ತ, ಶಿಶು ಆಹಾರದ ಸುತ್ತ. ಬಟ್ಟಲಿನ ಧಾನ್ಯ ಅದರ ನೆರಳಿನಲ್ಲಿ ತಣ್ಣಗೆ ಕುಳಿತಿದೆ. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ 2025ರ ಮೇ ತಿಂಗಳಲ್ಲಿ ತನ್ನ ಶಾಲೆಗಳಿಗೆಲ್ಲ ‘ಸಕ್ಕರೆ ಫಲಕ’ ಹಾಕಲು ಹೇಳಿದ್ದು ಒಳ್ಳೆಯ ಕೆಲಸವೇ. ಮೊಮ್ಮಗನ ಶಾಲೆಯ ಪಡಸಾಲೆಯಲ್ಲಿಯೂ ಒಂದು ಫಲಕವಿದೆ. ಅದರಲ್ಲಿ ತಂಪು ಪಾನೀಯದ ಬಾಟಲಿ ಇದೆ, ಐಸ್‌ಕ್ರೀಮ್ ಇದೆ, ನಮ್ಮ ಧಾರವಾಡ ಪೇಡೆಯೂ ಇದೆ. ಬೆಳಗಿನ ಬಟ್ಟಲು ಇಲ್ಲ.

ಪೇಡೆಯ ಹೆಸರು ಬಂದದ್ದರಿಂದ ಒಂದು ಮಾತು. ನಾವು ಧಾರವಾಡದವರು ಸಕ್ಕರೆಯ ಬಗ್ಗೆ ಇನ್ನೊಬ್ಬರಿಗೆ ಉಪದೇಶ ಮಾಡುವಷ್ಟು ಶುದ್ಧರಲ್ಲ. ಊರಿಗೆ ಬಂದ ನೆಂಟರನ್ನು ಪೇಡೆಯ ಪೊಟ್ಟಣವಿಲ್ಲದೆ ಕಳಿಸಿದವರಲ್ಲ. ನೆರೆಯ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ರೈತರ ಬದುಕು ನಿಂತಿರುವುದೇ ಕಬ್ಬಿನ ಮೇಲೆ. ನಾನು ಚಿಕ್ಕವನಿದ್ದಾಗ ಶಾಲೆಯಿಂದ ಬಂದರೆ ಅವ್ವ ಚಪಾತಿಗೆ ತುಪ್ಪ ಸವರಿ ಸಕ್ಕರೆ ಉದುರಿಸಿ ಸುತ್ತಿ ಕೊಡುತ್ತಿದ್ದಳು. ಅದರ ರುಚಿ ಇನ್ನೂ ಬಾಯಲ್ಲಿದೆ. ಆದರೆ ಆ ಸಕ್ಕರೆ ಕಣ್ಣಿಗೆ ಕಾಣುತ್ತಿತ್ತು. ಎಷ್ಟು ಉದುರಿಸಬೇಕೆಂಬುದು ಅವ್ವನ ಕೈಯಲ್ಲಿತ್ತು. ಪೇಡೆ ತಾನು ಉಪಾಹಾರವೆಂದು ಎಂದೂ ಹೇಳಿಕೊಂಡಿಲ್ಲ. ಕಬ್ಬಿಣಾಂಶದ ಪಟ್ಟಿ ತೋರಿಸಿಲ್ಲ. ಒಂದು ತಿಂದು ಎರಡನೆಯದಕ್ಕೆ ಕೈ ಚಾಚಿದರೆ ಮನೆಯಲ್ಲಿ ಯಾರಾದರೂ ಗದರಿಸಿಯೇ ಗದರಿಸುತ್ತಾರೆ. ಬಟ್ಟಲು ತುಂಬ ಧಾನ್ಯ ತಿಂದ ಮಗುವಿಗೆ ನಾವು ಶಾಭಾಸ್ ಎನ್ನುತ್ತೇವೆ.

ದೂರದ ಚಿಲಿ ದೇಶ ಮಾಡಿದ್ದು ಸರಳ ಉಪಾಯ. ಸಕ್ಕರೆ, ಉಪ್ಪು, ಕೊಬ್ಬು ಮಿತಿ ಮೀರಿದ ತಿನಿಸಿನ ಪೊಟ್ಟಣದ ಮುಖದ ಮೇಲೆಯೇ ‘ಸಕ್ಕರೆ ಹೆಚ್ಚಿದೆ’ ಎಂದು ಸಾರುವ ಕಪ್ಪು ಎಂಟುಮೂಲೆಯ ಮುದ್ರೆ ಇರಬೇಕೆಂಬ ಕಾನೂನು ಅಲ್ಲಿ 2016ರಲ್ಲಿ ಜಾರಿಗೆ ಬಂತು. ಅಂಥ ಡಬ್ಬಿಗಳ ಮೇಲೆ ಮಕ್ಕಳನ್ನು ಸೆಳೆಯುವ ವ್ಯಂಗ್ಯಚಿತ್ರಗಳಿಗೂ ಅವಕಾಶವಿಲ್ಲ. ಜಗತ್ತೆಲ್ಲ ಬಲ್ಲ ಹುಲಿ ಅಲ್ಲಿ ಡಬ್ಬಿಯಿಂದ ಇಳಿದುಹೋಯಿತು. ಮೊದಲ ಒಂದೂವರೆ ವರ್ಷದಲ್ಲಿ ಸಿಹಿ ಪಾನೀಯಗಳ ಖರೀದಿ ಸುಮಾರು ಕಾಲುಭಾಗ ಇಳಿಯಿತೆಂದು ನಂತರದ ಅಧ್ಯಯನ ಕಂಡುಕೊಂಡಿತು. ಓದು ಬರಹ ಬಾರದವರಿಗೂ ಆ ಮುದ್ರೆ ಅರ್ಥವಾಗುತ್ತದೆ, ಭೂತಗನ್ನಡಿ ಬೇಕಿಲ್ಲ.

ನಮ್ಮ ಪ್ರಾಧಿಕಾರ 2022ರಲ್ಲಿ ಪ್ರಕಟಿಸಿದ ಕರಡು ನಿಯಮ ಎಚ್ಚರಿಕೆಯ ಮುದ್ರೆಯ ಬದಲು ನಕ್ಷತ್ರಗಳನ್ನು ಸೂಚಿಸಿತು. ನಾರು, ಪ್ರೋಟೀನು, ಬೀಜ ಇದ್ದರೆ ಅಂಕ ಸೇರುತ್ತದೆ. ಸಕ್ಕರೆ, ಉಪ್ಪು ಇದ್ದರೆ ಕಳೆಯುತ್ತದೆ. ಕೊನೆಗೆ ಉಳಿದದ್ದು ನಕ್ಷತ್ರ. ಕೂಡಿಸಿ ಕಳೆಯುವ ಈ ಪದ್ಧತಿಯ ತೊಡಕು ಗಣಿತದವನಿಗೆ ಬೇಗ ಕಾಣುತ್ತದೆ: ಒಂದು ವಿಷಯದಲ್ಲಿ ನಪಾಸಾದವನನ್ನು ಇನ್ನೊಂದು ವಿಷಯದ ಅಂಕ ಹಿಡಿದು ದಾಟಿಸಬಹುದು. ಮೂರರಲ್ಲೊಂದು ಭಾಗ ಸಕ್ಕರೆಯಿರುವ ಡಬ್ಬಿಯೂ ತುಸು ನಾರು ಸೇರಿಸಿ ಎರಡು ನಕ್ಷತ್ರ ಧರಿಸಿ ನಿಲ್ಲಬಹುದು. ನಕ್ಷತ್ರವೆಂದರೆ ನಮ್ಮ ಮಕ್ಕಳಿಗೆ ಶಿಕ್ಷಕರು ಮೆಚ್ಚಿ ಕೊಡುವ ಗುರುತು. 2024ರ ಜುಲೈನಲ್ಲಿ ಸಕ್ಕರೆ, ಉಪ್ಪು, ಪರ್ಯಾಪ್ತ ಕೊಬ್ಬಿನ ಅಂಕಿಗಳನ್ನು ದಪ್ಪ ಅಕ್ಷರಗಳಲ್ಲಿ ಮುದ್ರಿಸುವ ಪ್ರಸ್ತಾವಕ್ಕೆ ಪ್ರಾಧಿಕಾರ ಒಪ್ಪಿಗೆ ಕೊಟ್ಟಿತು. ಪೊಟ್ಟಣದ ಮುಖಭಾಗದ ಲೇಬಲ್ ಬಗ್ಗೆ ಮೂರು ತಿಂಗಳಲ್ಲಿ ಶಿಫಾರಸು ಸಿದ್ಧವಾಗಬೇಕೆಂದು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಮೂರು ತಿಂಗಳಿಗೆ ಮತ್ತೆ ಗಡುವು ಬೆಳೆಯಿತು. ನಾನು ಕೇಳುವುದು ಎರಡೇ. ಎಚ್ಚರಿಕೆ ಮುಂದೆ ಇರಲಿ, ದೊಡ್ಡದಾಗಿರಲಿ, ಕನ್ನಡದಲ್ಲಿಯೂ ಇರಲಿ. ಮಕ್ಕಳ ಚಿತ್ರ ಹಾಕಿ, ಮಕ್ಕಳ ಹೆಸರಿನಲ್ಲಿ ಮಾರುವ ತಿನಿಸಿನ ಶೇಕಡಾವಾರನ್ನು ಮಕ್ಕಳ ಅಳತೆಯಲ್ಲಿಯೇ ಬರೆಯಲಿ.

ಹಾಗಾದರೆ ಅಲ್ಲಿಯವರೆಗೆ ಹುಡುಗನಿಗೆ ಏನು ಕೊಡುವುದು? ಸುಲಭದ ಉತ್ತರವೊಂದು ನಾಲಗೆಯ ತುದಿಯಲ್ಲಿಯೇ ಇದೆ. ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿಗೆ ಜೋಳದ ಅಳ್ಳು ಹುರಿಯದ ಮನೆಯಿಲ್ಲ. ಕಾದ ಬಾಣಲೆಯಲ್ಲಿ ಜೋಳ ಪಟಪಟನೆ ಅರಳಿ ಮಲ್ಲಿಗೆಯಾಗುತ್ತದೆ. ಅದನ್ನು ಬೀಸಿದರೆ ಅಳ್ಳಿಟ್ಟು. ಹಾಲಿನಲ್ಲಿ ಕಲಸಿದರೆ ಎರಡು ನಿಮಿಷದ ಉಪಾಹಾರ. ಬ್ಯಾಟಲ್ ಕ್ರೀಕಿನ ಅಣ್ಣತಮ್ಮಂದಿರಿಗಿಂತ ಮೊದಲೇ ನಮ್ಮ ಅಜ್ಜಿಯರಿಗೆ ಇದು ತಿಳಿದಿತ್ತು. ಹಾಗೆಂದು ಹಳೆಯದೆಲ್ಲ ಅಮೃತವೆನ್ನಲಾರೆ. ಅಳ್ಳಿಟ್ಟಿಗೆ ಹಾಕುವ ಬೆಲ್ಲವೂ ಸಕ್ಕರೆಯೇ. ದೇಹ ಅದರ ಬಣ್ಣ ನೋಡಿ ರಿಯಾಯಿತಿ ಕೊಡುವುದಿಲ್ಲ. ಅವಲಕ್ಕಿ ತಿಂದ ಮೇಲೆ ನನ್ನ ಸಕ್ಕರೆ ಎಷ್ಟು ಏರುತ್ತದೆಂದು ನನ್ನ ಡೈರಿಯೇ ಹೇಳುತ್ತದೆ. ಇನ್ನೂ ಮುಖ್ಯವಾದದ್ದು, ಅಳ್ಳು ಹುರಿಯಲು ಮನೆಯಲ್ಲಿ ಯಾರಿಗೆ ಹೊತ್ತಿದೆ? ನಾನು ಅಜ್ಜಿಯರ ಕಾಲವನ್ನು ಹೊಗಳತೊಡಗಿದಾಗ ಸೊಸೆ ಬ್ಯಾಗು ಹೆಗಲಿಗೇರಿಸುತ್ತ ಒಂದೇ ಮಾತು ಹೇಳಿದಳು: “ಖರೇ ಅದರೀ ಮಾಮಾ. ಆದ್ರ ಅಳ್ಳು ಹುರಿಯೋರು ಯಾರು, ನಾನೋ ನೀವೋ?”

ಹುರಿಯುತ್ತಿರುವವನು ಈಗ ನಾನು. ಮೊದಲ ಎರಡು ಸಲ ಅರ್ಧ ಜೋಳ ಅರಳದೆ ಕರಿದಾಯಿತು. ಜೋಳಕ್ಕೆ ನೀರು ಚಿಮುಕಿಸಿ ಇಟ್ಟು ಆಮೇಲೆ ಹುರಿಯಬೇಕೆಂದು ಮಾಳಮಡ್ಡಿಯ ನೆರೆಮನೆಯ ಅಕ್ಕ ಹೇಳಿಕೊಟ್ಟ ಮೇಲೆ ಸುಧಾರಿಸಿದೆ. ಹುಡುಗ ಮೊದಲ ದಿನ “ಅಜ್ಜಾ, ಇದು ಸಪ್ಪಗ ಅದ” ಎಂದು ಬಟ್ಟಲು ಸರಿಸಿಬಿಟ್ಟ. ಹೀಗಾಗಿ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಅಳ್ಳು ಎರಡು ಪಾಲು, ಡಬ್ಬಿಯದು ಒಂದು ಪಾಲು, ತಕ್ಕಡಿಯಲ್ಲಿ ತೂಗಿಯೇ. ಮೇಲೆ ಬಾಳೆಹಣ್ಣಿನ ಹೋಳು. ಪುಡಿ ನಿಂತಿದೆ. ಡಬ್ಬಿಯನ್ನು ಸೊಸೆ ಉಪಾಹಾರದ ಕಪಾಟಿನಿಂದ ತೆಗೆದು ಬಿಸ್ಕತ್ತು, ಪೇಡೆಗಳ ಕಪಾಟಿಗೆ ಸಾಗಿಸಿದ್ದಾಳೆ. ನಾನು ಧಾರವಾಡಕ್ಕೆ ಮರಳಿದ ವಾರಗಳಲ್ಲಿ ಒಪ್ಪಂದ ಎಷ್ಟರಮಟ್ಟಿಗೆ ನಡೆಯುತ್ತದೆಂದು ವಿಚಾರಿಸಲು ಹೋಗುವುದಿಲ್ಲ.

ಕಳೆದ ಸಲ ಗೋಕುಲ ರಸ್ತೆಯ ದೊಡ್ಡ ಅಂಗಡಿಗೆ ಹುಡುಗನನ್ನು ಕರೆದುಕೊಂಡು ಹೋಗಿದ್ದೆ. ಅವನಿಗೆ ಈಗ ನೂರರವರೆಗೆ ಅಂಕಿ ಓದಲು ಬರುತ್ತದೆ, ಕಣ್ಣೂ ಚುರುಕು. ಡಬ್ಬಿಯೊಂದನ್ನು ತಿರುಗಿಸಿ ಹಿಡಿದು, “ಅಜ್ಜಾ, ಇದರಾಗ ಮೂವತ್ತೊಂದದ. ಭಾಳ ಆತೇನು?” ಎಂದ. ಭಾಳ ಆತು ಎಂದೆ. ಅದನ್ನು ಜಾಗಕ್ಕಿಟ್ಟು ಪಕ್ಕದ್ದನ್ನು ತೆಗೆದ. ಅದರಲ್ಲಿ ಇಪ್ಪತ್ತೆಂಟು ಇತ್ತು. ಅದರ ಪಕ್ಕದ್ದರಲ್ಲಿ ಮೂವತ್ತು. ಸಾಲಿನ ಕೊನೆಯವರೆಗೆ ಹೋಗಿ ಬಂದು, “ಎಲ್ಲಾದರಾಗೂ ಭಾಳ ಅದನ ಅಜ್ಜಾ” ಎಂದ.